ನಿಸರ್ಗಚಿತ್ರವೂ ಬಾಲ್ಯದೇಶಸಂಸ್ಕಾರವೂ

ನಿಸರ್ಗಚಿತ್ರಕಾರನ ಪ್ರತಿಭೆಗೆ ಆತನು ಹುಟ್ಟಿ ಬೆಳೆದ ಊರೇ ಮೂಲವೆಂಬ ಅಭಿಪ್ರಾಯವು ಕನ್ನಡದ ಕಲಾವಿಮರ್ಶೆಯಲ್ಲಿ ಕ್ರಮೇಣ ಸಿದ್ಧಾಂತದ ಪದವಿಯನ್ನು ಪಡೆದಿರುವಂತೆ ತೋರುತ್ತದೆ. ಚಿತ್ರಕಾರನ ಜನ್ಮಸ್ಥಳವನ್ನು ಹೇಳಿ, ಅಲ್ಲಿಯ ಕೆರೆ ಕುಂಟೆ ತೋಪುಗಳನ್ನು ವರ್ಣಿಸಿ, ಅವೇ ಆತನ ಪಟಗಳಲ್ಲಿ ಮೂಡಿವೆಯೆಂದು ಸಮರ್ಪಿಸಿಬಿಟ್ಟರೆ ವಿಮರ್ಶೆಯು ಮುಗಿಯಿತೆಂದು ಭಾವಿಸುವವರುಂಟು. ಶ್ರೀ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳ ವಿಷಯದಲ್ಲಿ ಈ ಮಾತು ಮತ್ತಷ್ಟು ಸುಲಭವಾಗಿ ಹೊರಡುತ್ತದೆ. ಬೆಂಗಳೂರಿನ ಸುತ್ತಣ ಹಳ್ಳಿಗಳು, ವಿಶೇಷವಾಗಿ ಪೂರ್ವದಿಕ್ಕಿನ ಮಾರತ್ತಹಳ್ಳಿ, ಬೆಳ್ಳಂದೂರು, ವರ್ತೂರುಗಳ ಕಡೆಯ ಹೊಲಗದ್ದೆಗಳು, ನಗರದೊಳಗೆ ಲೀನವಾಗಿಹೋದ ಮೇಲೆ, ಹಳೆಯ ಬೆಂಗಳೂರನ್ನು ತೋರಿಸುವ ಪಟಗಳ ಮೇಲೆ ಜನರಿಗೆ ಹೊಸದಾದ ಮಮತೆಯುಂಟಾಗಿರುವುದು ಸಹಜವೇ ಸರಿ. ಆದರೆ ಆ ಮಮತೆಗೆ ಕಾರಣವಾದ ಸ್ಮರಣೆಯು ಯಾರದು? ಬರೆದವನದೋ, ನೋಡುವವನದೋ? ಈ ವಿವೇಚನೆಯನ್ನು ಮಾಡದೆ ಒಬ್ಬರ ಭಾವವನ್ನು ಮತ್ತೊಬ್ಬರ ಮೇಲೆ ಆರೋಪಿಸಿದ್ದರಿಂದ ಚಿತ್ರಕಾರನಿಗೂ ನ್ಯಾಯ ದೊರಕಿಲ್ಲ, ಚಿತ್ರಕ್ಕೂ ದೊರಕಿಲ್ಲ.

ಮೊದಲು ಹೇಳತಕ್ಕುದೇನೆಂದರೆ, ಈ ಅಭಿಪ್ರಾಯವು ನಮ್ಮ ಪ್ರಾಚೀನರದಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಆಕಾಶ, ಪರ್ವತ, ಅರಣ್ಯ, ನದಿ, ರಾತ್ರಿ, ಋತುಗಳು ಇವನ್ನು ಬರೆಯುವ ಕ್ರಮವು ಉಕ್ತವಾಗಿದೆ. ಪರ್ವತವನ್ನು ಬಂಡೆ ಶಿಖರ ನಿರ್ಝರಗಳಿಂದಲೂ, ವಸಂತವನ್ನು ಹೂತ ಮರಗಳಿಂದಲೂ ಕೋಗಿಲೆ ದುಂಬಿಗಳಿಂದಲೂ ಗುರುತಿಸಬೇಕೆಂಬುದು ಅಲ್ಲಿಯ ವಿಧಿ. ಅಲ್ಲಿ ಇರುವುದು ಪರ್ವತಜಾತಿಯೇ ಹೊರತು ಇಂಥ ಊರಿನ ಇಂಥ ಬೆಟ್ಟವೆಂಬ ವ್ಯಕ್ತಿಯಲ್ಲ. ಮಹಾಕಾವ್ಯಗಳ ಅಷ್ಟಾದಶವರ್ಣನೆಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಕವಿಯು ಸಮುದ್ರವನ್ನು ವರ್ಣಿಸಿದನೆಂದ ಮಾತ್ರಕ್ಕೆ ಆತನು ಕರಾವಳಿಯವನೆಂದು ಯಾರೂ ಊಹಿಸುವುದಿಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬರುವ ಬನವಾಸಿಯ ವರ್ಣನೆಯು ಈ ಮಾತಿಗೆ ಅಪವಾದವೆನ್ನಬಹುದು. ಅಲ್ಲಿ ದೇಶವು ಹೆಸರಿಟ್ಟುಕೊಂಡೇ ನಿಂತಿದೆ, ಹಂಬಲವೂ ವಿಶಿಷ್ಟವಾದುದು. ಆದರೆ ಆ ಹಂಬಲವನ್ನು ಕವಿಯು ಅರ್ಜುನನ ಸಂಚಾರದ ಸಂದರ್ಭದಲ್ಲಿ ಇರಿಸಿರುವನು. ಅರ್ಜುನನಿಗೆ ಬನವಾಸಿಯು ಬಾಲ್ಯದ ಊರಲ್ಲ. ಅದು ಪಂಪನಿಗೆ ಬಾಲ್ಯದ ಊರೇ ಆಗಿದ್ದಿತೆಂಬುದಕ್ಕೂ ಆತನ ಜನ್ಮಸ್ಥಳವನ್ನು ಕುರಿತ ಚರ್ಚೆಯು ಅಡ್ಡವಾಗಿ ನಿಂತಿದೆ. ಆದರೂ ಆ ವರ್ಣನೆಯ ರಸಕ್ಕೆ ಕಿಂಚಿತ್ತೂ ಕೊರತೆಯಾಗಿಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ಈ ಅಭಿಪ್ರಾಯವು ಬಂದುದು ಎಲ್ಲಿಂದ? ಇಂಗ್ಲೆಂಡಿನ ಜಾನ್ ಕಾನ್ಸ್ಟೇಬಲ್ (1776–1837) ಎಂಬ ಚಿತ್ರಕಾರನಿಂದ ಎಂದರೆ ತಪ್ಪಾಗಲಾರದು. ಸ್ಟೌರ್ ನದಿಯ ದಂಡೆಯ ಪ್ರದೇಶದಲ್ಲಿ ಗಿರಣಿಗಳ ಒಡೆಯನೊಬ್ಬನ ಮಗನಾಗಿ ಹುಟ್ಟಿದ ಈತನು, ತನ್ನನ್ನು ಚಿತ್ರಕಾರನನ್ನಾಗಿ ಮಾಡಿದುದು ಬಾಲ್ಯದಲ್ಲಿ ಕಂಡ ಆ ನದೀತೀರದ ದೃಶ್ಯಗಳೇ ಎಂದು ಮಿತ್ರನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿರುವನು. ಆ ಪ್ರಾಂತಕ್ಕೆ ಆತನ ಹೆಸರೇ ನಿಂತಿತು. ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ಆತನ ಸುಪ್ರಸಿದ್ಧವಾದ ಹುಲ್ಲುಗಾಡಿಯ ಪಟವು (1821) ಸಿದ್ಧವಾದುದು ನದಿಯ ದಂಡೆಯ ಮೇಲಲ್ಲ. ಮೊದಲೇ ಬರೆದಿಟ್ಟುಕೊಂಡಿದ್ದ ಕರಡುಗಳ ಆಧಾರದಿಂದ ಲಂಡನ್ನಿನ ಚಿತ್ರಶಾಲೆಯಲ್ಲಿ. ಕನ್ನಡದಲ್ಲಿ ಇದೇ ಬಗೆಯ ವಿಚಾರಕ್ಕೆ ಸಾಹಿತ್ಯವು ದಾರಿ ಮಾಡಿತು. ಕುಪ್ಪಳಿಯಲ್ಲಿ ಬೆಳೆದ ಕುವೆಂಪುರವರು 1933ರಲ್ಲಿ ‘ಮಲೆನಾಡಿನ ಚಿತ್ರಗಳು’ ಎಂಬ ಗ್ರಂಥವನ್ನು ಪ್ರಕಟಿಸಿದ ಮೇಲೆ, ಊರಿಗೂ ಕೃತಿಗೂ ಇರುವ ಸಂಬಂಧವು ವಿದ್ಯಾರ್ಥಿಗಳಿಗೂ ಅಂಗೈ ನೆಲ್ಲಿಯಾಯಿತು. ಕುವೆಂಪುರವರ ವಿಷಯದಲ್ಲಿ ಅದು ಯುಕ್ತವೇ. ಒಬ್ಬರಿಗೆ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಹೊರಟುದು ಮಾತ್ರ ಯುಕ್ತವಲ್ಲ.

ಆಲಂಕಾರಿಕರ ಪರಿಭಾಷೆಯು ಇಲ್ಲಿ ಉಪಕಾರಕವಾಗುತ್ತದೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಹೇತುವೆಂದು ಹೇಳಿರುವನು. ಶಕ್ತಿಯೆಂಬುದು ಕವಿತ್ವದ ಬೀಜರೂಪವಾದ ಸಂಸ್ಕಾರವಿಶೇಷ. ನಿಪುಣತೆಯಾದರೋ ಲೋಕ, ಶಾಸ್ತ್ರ, ಕಾವ್ಯಗಳ ಅವೇಕ್ಷಣದಿಂದ ಲಭಿಸತಕ್ಕುದು. ಹುಟ್ಟಿದೂರಿನ ಕೆರೆಯನ್ನು ಕಂಡುದು ಲೋಕಾವೇಕ್ಷಣದಲ್ಲಿ ಸೇರುತ್ತದೆಯೇ ಹೊರತು ಶಕ್ತಿಯಲ್ಲಿ ಸೇರುವುದಿಲ್ಲ. ಅದೇ ಕೆರೆಯನ್ನು ಊರಿನ ನೂರಾರು ಮಕ್ಕಳೂ ಕಂಡಿರುವರು. ಅವರೆಲ್ಲರೂ ಕುಂಚವನ್ನು ಹಿಡಿಯಲಿಲ್ಲ. ರಾಜಶೇಖರನು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿರುವನು. ಆತನ ಮತದಲ್ಲಿ ಪ್ರತಿಭೆಯು ಕಾರಯಿತ್ರಿ, ಭಾವಯಿತ್ರಿ ಎಂದು ಎರಡು ವಿಧ: ಮೊದಲನೆಯದು ಮಾಡುವವನಿಗೆ ಉಪಕರಿಸುವುದು, ಎರಡನೆಯದು ಆಸ್ವಾದಿಸುವವನಿಗೆ. ಕಾರಯಿತ್ರಿಯಲ್ಲಿಯೂ ಪೂರ್ವಜನ್ಮದ ಸಂಸ್ಕಾರದಿಂದ ಬಂದುದು ಸಹಜೆ, ಈ ಜನ್ಮದ ಸಂಸ್ಕಾರದಿಂದ ಬಂದುದು ಆಹಾರ್ಯೆ, ಉಪದೇಶದಿಂದ ಬಂದುದು ಔಪದೇಶಿಕಿ. ಬಾಲ್ಯದೇಶಕ್ಕೆ ಸ್ಥಾನವು ಎಲ್ಲಾದರೂ ಇದ್ದರೆ ಅದು ಆಹಾರ್ಯೆಯಲ್ಲಿ ಇರಬೇಕು. ಅದು ಅಲ್ಲಿಯೂ ನಿಲ್ಲದೆ ಭಾವಯಿತ್ರಿಯ ಕಡೆಗೆ ಸರಿದಿರುವುದನ್ನು ರುಮಾಲೆಯವರ ಪಟಗಳು ಚೆನ್ನಾಗಿ ತೋರಿಸುತ್ತವೆ.

ರುಮಾಲೆಯವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ನಂದಿಬೆಟ್ಟದ ಕಡೆಯಿಂದ ಇಳಿದುಬರುವ ಅರ್ಕಾವತಿಯ ಬಯಲು ಅದು. ರಾಗಿಯ ಹೊಲ, ಮಳೆಯ ನೀರನ್ನೇ ನಂಬಿದ ಕೆರೆ, ಏರಿಯ ಮೇಲಣ ಹುಣಸೆ ಹೊಂಗೆಗಳು, ಊರೊಳಗೆ ಮಗ್ಗದ ಸದ್ದು. ಇದೇ ಬಯಲುಸೀಮೆಯು ದಕ್ಷಿಣಕ್ಕೂ ಪೂರ್ವಕ್ಕೂ ಹಬ್ಬಿ, ಹಲಸೂರನ್ನು ದಾಟಿ ವರ್ತೂರಿನ ದಾರಿಯ ಮಾರತ್ತಹಳ್ಳಿಯವರೆಗೂ ಬಂದಿತ್ತು. ನಡುವೆ ದಿಣ್ಣೆಯಿರುವುದರಿಂದ ಅಲ್ಲಿಯ ನೀರು ಅರ್ಕಾವತಿಗೂ ಇಲ್ಲಿಯದು ವರ್ತೂರು ಕೆರೆಯ ಮೂಲಕ ದಕ್ಷಿಣಪಿನಾಕಿನಿಗೂ ಸೇರುವುದೆಂಬುದೊಂದೇ ಭೇದ. ಕಣ್ಣಿಗೆ ಕಾಣುವ ನೆಲವು ಒಂದೇ. ರುಮಾಲೆಯವರು ಬೆಂಗಳೂರಿನಲ್ಲಿ ಶ್ರೀ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ, ತರುವಾಯ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರವಿದ್ಯೆಯನ್ನು ಅಭ್ಯಾಸಮಾಡಿ, ಸ್ವಾತಂತ್ರ್ಯದ ಚಳವಳಿಯು ಕರೆದಾಗ ಕುಂಚವನ್ನು ಕೆಳಗಿಟ್ಟರು. ಸೇವಾದಳ, ಸೆರೆಮನೆ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ, ಹೀಗೆ ಬಹುಕಾಲವು ಸಂದಿತು. ಪೂರ್ಣಾವಧಿಯ ಚಿತ್ರಕಾರರಾಗಿ ಅವರು ಹಿಂದಿರುಗಿದ್ದು 1962ರಲ್ಲಿ, 52ನೆಯ ವಯಸ್ಸಿನಲ್ಲಿ. ಅನೇಕರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಇವರು ಬಣ್ಣದ ಪೆಟ್ಟಿಗೆಯನ್ನು ಹೊತ್ತು ಬಿಸಿಲಿಗೆ ಹೊರಟರು.

ಹೀಗೆ ಹಿಂದಿರುಗಿದವರು ಬರೆದದ್ದು ಏನನ್ನು? ಬಾಲ್ಯಸಿದ್ಧಾಂತದ ಪ್ರಕಾರ ರಾಗಿಯ ಹೊಲವನ್ನೂ ಹುಣಸೆಯ ತೋಪನ್ನೂ ಬರೆಯಬೇಕಾಗಿತ್ತು. ಅವರ ಹೆಸರನ್ನು ನಿಲ್ಲಿಸಿದ ಪಟಗಳಾದರೋ ಬಹುಮಟ್ಟಿಗೆ ಬೆಂಗಳೂರು ನಗರದ ಹೂಮರಗಳವು. ಮಧ್ಯೆ ರಸ್ತೆ, ಅಂಚಿನಲ್ಲಿ ಒಂದು ಕಟ್ಟಡದ ತುಣುಕು, ಅದರ ಮೇಲೆ ಕವಿದುಕೊಂಡ ಗುಲ್‌ಮೊಹರಿನ ಕೆಂಪು, ಜಕರಂಡದ ನೇರಿಳೆ, ಟಬೆಬೂಯಾದ ಹಳದಿ. ಗುಲ್‌ಮೊಹರು ಮಡಗಾಸ್ಕರಿನದು, ಉಳಿದೆರಡೂ ಅಮೆರಿಕ ಖಂಡದವು. ನಮ್ಮ ಕವಿಸಮಯದ ಅಶೋಕ, ಕರ್ಣಿಕಾರ, ಮುತ್ತುಗಗಳ ಸಾಲಿನಲ್ಲಿ ಇವಕ್ಕೆ ಸ್ಥಳವಿಲ್ಲ. ದೊಡ್ಡಬಳ್ಳಾಪುರದ ಹೊಲದ ಬದುವಿನಲ್ಲಿಯೂ ಇವು ಇರಲಿಲ್ಲ. ಇವನ್ನು ಬೆಂಗಳೂರಿಗೆ ತಂದು ಬೀದಿಬೀದಿಗೆ ಹಂಚಿದವರಲ್ಲಿ ಪ್ರಮುಖರು ಲಾಲ್‌ಬಾಗಿನ ಅಧಿಕಾರಿಗಳು: 1874ರಿಂದ ಜಾನ್ ಕ್ಯಾಮರಾನ್, 1908ರಿಂದ ಜಿ.ಎಚ್. ಕ್ರುಂಬಿಗಲ್. ಒಂದು ಬಗೆಯ ಮರವು ಹೂಬಿಟ್ಟು ಮುಗಿಯುವಷ್ಟರಲ್ಲಿ ಮತ್ತೊಂದು ಬಗೆಯದು ಅರಳುವಂತೆ ಬೀದಿಗಳನ್ನು ಅಣಿಗೊಳಿಸಿದ ಕೀರ್ತಿಯು ಕ್ರುಂಬಿಗಲ್ಲರದು. ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ ಹುಟ್ಟಿದವರು; ಲಾಲ್‌ಬಾಗಿಗೆ ಬಂದಾಗ ವಯಸ್ಸು ನಲವತ್ತನ್ನು ದಾಟಿತ್ತು. ಹೀಗಿರುವಲ್ಲಿ ಬೆಂಗಳೂರಿನ ನಿಸರ್ಗವೆಂದು ಇಂದು ಯಾವುದನ್ನು ಕರೆಯುತ್ತೇವೆಯೋ ಅದರ ರಚನಕಾರನಿಗೇ ಬಾಲ್ಯದಲ್ಲಿ ಬೆಂಗಳೂರಿನ ಪರಿಚಯವಿರಲಿಲ್ಲ!

ಇದರಲ್ಲಿ ಮತ್ತೂ ಒಂದು ಸ್ವಾರಸ್ಯವುಂಟು. ಕ್ರುಂಬಿಗಲ್ಲರು 1932ರವರೆಗೆ ಅಧಿಕಾರದಲ್ಲಿದ್ದರು. ರುಮಾಲೆಯವರು ಕಲಾಮಂದಿರದ ವಿದ್ಯಾರ್ಥಿಯಾಗಿದ್ದುದು ಆ ಅಧಿಕಾರಾವಧಿಯ ಕೊನೆಯ ಭಾಗದಲ್ಲಿ. ಆಗ ಹೊಸದಾಗಿ ನೆಟ್ಟಿದ್ದ ಸಸಿಗಳು 1962ರ ವೇಳೆಗೆ ಬೀದಿಯ ಎರಡು ಬದಿಯಿಂದಲೂ ಕೈಚಾಚಿ ಕೂಡಿದ ಮರಗಳಾಗಿದ್ದವು. ಚಿತ್ರಕಾರನು ದೂರವಿದ್ದ ಕಾಲವೇ ಆತನ ಚಿತ್ರವಸ್ತುವು ಸಿದ್ಧವಾದ ಕಾಲ. ಇದನ್ನು ಬಾಲ್ಯಸ್ಮೃತಿಯೆಂದು ಹೇಗೆ ಕರೆಯುವುದು? ತಾರ್ಕಿಕರ ಮತದಲ್ಲಿ ಸಂಸ್ಕಾರಮಾತ್ರದಿಂದ ಹುಟ್ಟಿದ ಜ್ಞಾನವು ಸ್ಮೃತಿ. ಸಂಸ್ಕಾರದೊಡನೆ ಇಂದ್ರಿಯಸನ್ನಿಕರ್ಷವೂ ಕೂಡಿದಾಗ ‘ಅದೇ ಇದು’ ಎಂಬ ಪ್ರತ್ಯಭಿಜ್ಞೆ. ಲಂಡನ್ನಿನ ಚಿತ್ರಶಾಲೆಯಲ್ಲಿ ಕುಳಿತ ಕಾನ್ಸ್ಟೇಬಲನಿಗೆ ಇದ್ದುದು ಮೊದಲನೆಯದು. ಮರದ ಎದುರಿನಲ್ಲಿಯೇ ಪಟವನ್ನು ನಿಲ್ಲಿಸಿಕೊಂಡು, ಹೂವು ಉದುರಿಹೋಗುವುದರೊಳಗೆ ಮುಗಿಸಬೇಕಾದ ರುಮಾಲೆಯವರಿಗೆ ಇದ್ದುದು ಪ್ರತ್ಯಕ್ಷವೇ, ಹೆಚ್ಚೆಂದರೆ ಪ್ರತ್ಯಭಿಜ್ಞೆ. ಅವರ ತೈಲವರ್ಣದ ಪಟಗಳಲ್ಲಿ ಬಣ್ಣವನ್ನು ತೆಳುವಾಗಿ ಹರಡದೆ ದಪ್ಪನಾಗಿ, ತುಂಡುತುಂಡಾಗಿ ಇಟ್ಟಿರುವ ರೀತಿಯು ಫ್ರಾನ್ಸಿನ ಇಂಪ್ರೆಷನಿಸ್ಟರನ್ನೂ ಅವರ ಅನಂತರದವರನ್ನೂ ನೆನಪಿಗೆ ತರುವುದೆಂದು ಹಲವರು ಹೇಳುವುದುಂಟು. ಅದು ಅನುಕರಣವೋ ಅಲ್ಲವೋ ಎಂಬುದಕ್ಕಿಂತ, ಆ ರೀತಿಯು ಅವಸರದ ಫಲವೆಂಬುದು ಮುಖ್ಯ. ಸ್ಮರಣೆಯು ಅವಸರಪಡುವುದಿಲ್ಲ, ಅವಸರವಿರುವುದು ಎದುರಿಗೆ ನಿಂತ ಹೂವಿನದು.

ಊರು ಪ್ರತಿಭೆಗೆ ಕಾರಣವೆಂಬ ವಾದವನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದರೆ ಅದು ನಿಲ್ಲುವುದೇ ಎಂಬುದನ್ನೂ ನೋಡಬೇಕು. ಮೈಸೂರಿನ ಶ್ರೀ ಕೆ. ವೆಂಕಟಪ್ಪನವರು (1886–1965) ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದವರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸಮಾಡಿದವರು. ಅವರ ನಿಸರ್ಗಚಿತ್ರಗಳಲ್ಲಿ ಶ್ರೇಷ್ಠವೆಂದು ಸರ್ವರೂ ಒಪ್ಪುವವು ಉದಕಮಂಡಲ ಮತ್ತು ಕೊಡೈಕೆನಾಲಿನ ಜಲವರ್ಣಗಳು: ಕಣಿವೆಯಿಂದ ಏಳುವ ಮಂಜು, ಮುಂಗಾರಿನ ಒಡೆದ ಮುಗಿಲು, ಸರೋವರದ ಮೇಲಣ ನಿಶ್ಚಲವಾದ ಬೆಳಕು. ಚಾಮುಂಡಿಬೆಟ್ಟದ ಬಿಸಿಲಿನಲ್ಲಿ ಬೆಳೆದವರಿಗೆ ಮಂಜು ಎಲ್ಲಿಂದ ಬಂದಿತು? ಬಾಲ್ಯವು ವೆಂಕಟಪ್ಪನವರಿಗೆ ಕೊಟ್ಟುದು ದೃಶ್ಯವನ್ನಲ್ಲ. ಒಂದು ಅಂಗುಲದಷ್ಟು ಸ್ಥಳದಲ್ಲಿ ನೂರು ಸಲ ಕುಂಚವನ್ನು ಆಡಿಸಿದರೂ ಬೇಸರಿಸದ ಕೈಯನ್ನು. ಮನೆತನದ ಕಸುಬು ಕೊಟ್ಟ ಆ ಕೈಯನ್ನು ಅವರು ಪರವೂರಿನ ಮಂಜಿಗೆ ವಿನಿಯೋಗಿಸಿದರು. ಒಂದೇ ಪ್ರಸ್ಥಭೂಮಿಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರು ಬಿಸಿಲನ್ನೂ ಮತ್ತೊಬ್ಬರು ಮಂಜನ್ನೂ ಆರಿಸಿಕೊಂಡಿರುವಾಗ, ಕಾರಣವಿದ್ದಲ್ಲಿ ಕಾರ್ಯವಿಲ್ಲದ ವ್ಯಭಿಚಾರವು ಸ್ಪಷ್ಟವಾಗಿಯೇ ಇದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಶ್ರೀ ಕೆ.ಕೆ. ಹೆಬ್ಬಾರರಲ್ಲಿ (1911–1996) ತೌಳವನಾಡಿನ ಬಾಲ್ಯವು ನಿಶ್ಚಯವಾಗಿಯೂ ಕಾಣುತ್ತದೆ. ಆದರೆ ಅಲ್ಲಿಯೂ ಅದು ಹೆಚ್ಚಾಗಿ ಕುಣಿತದ ಲಯವಾಗಿ, ರೇಖೆಯ ಓಟವಾಗಿ ಕಾಣುವುದೇ ಹೊರತು ನೆಲದ ನಕಲಾಗಿ ಅಲ್ಲ.

ಊರು ಏನನ್ನೂ ಕೊಡುವುದಿಲ್ಲವೆಂದು ಇದರಿಂದ ತಾತ್ಪರ್ಯವಲ್ಲ. ಪರಿಚಯವೇ ಇಲ್ಲದ ಕಣ್ಣು ಏನನ್ನು ಬರೆಯುವುದೆಂಬುದಕ್ಕೆ ಉದಾಹರಣೆಯು ಬೆಂಗಳೂರಿನಲ್ಲಿಯೇ ಇದೆ. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯವು ಕೋಲಾರ ಹೊಸಕೋಟೆಗಳ ಮಾರ್ಗವಾಗಿ, ಎಂದರೆ ಈ ಪೂರ್ವದ ಬಯಲಿನಿಂದಲೇ, ಬೆಂಗಳೂರಿನ ಮೇಲೆ ಬಂದಿತು. ಆ ಯುದ್ಧದ ಫಲವಾಗಿ ರಾಬರ್ಟ್ ಹೋಮ್, ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಮುಂತಾದವರ ಮೈಸೂರು ದೃಶ್ಯಾವಳಿಗಳು 1793ರಿಂದ ಮುಂದಣ ವರ್ಷಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಕೋಟೆಯ ಬುರುಜು, ದಿಡ್ಡಿ, ದೂರದ ಗುಡ್ಡ, ಇವೆಲ್ಲವೂ ಅಳತೆಯಲ್ಲಿ ಖಚಿತವಾಗಿವೆ. ಇತಿಹಾಸಕ್ಕೆ ಬಹು ಉಪಯುಕ್ತವಾಗಿವೆ. ಮರಗಳು ಮಾತ್ರ ಯಾವ ದೇಶದ ಮರಗಳೂ ಆಗಬಹುದೆಂಬಂತೆ ನಿಂತಿವೆ. ಯಾವ ಬೀದಿಯ ಮರವು ಯಾವ ಮಾಸದಲ್ಲಿ ಹೂಬಿಡುವುದೆಂಬುದನ್ನು ಅರಿಯಲು ಅಲ್ಲಿ ವಾಸಿಸಿ ಕಾಯಬೇಕು. ರುಮಾಲೆಯವರಲ್ಲಿ ಕಾಣುವುದು ಈ ಕಾಯುವಿಕೆ. ಇದು ವಾಸದಿಂದ ಬಂದ ನಿಪುಣತೆ. ಬಾಲ್ಯದಲ್ಲಿ ಬಂದರೂ ಆದೀತು, ಕ್ರುಂಬಿಗಲ್ಲರಂತೆ ಪ್ರೌಢವಯಸ್ಸಿನಲ್ಲಿ ಬಂದರೂ ಆದೀತು.

ಇನ್ನು ನೋಡುವವನ ಕಡೆಗೆ ತಿರುಗೋಣ. ಮಾರತ್ತಹಳ್ಳಿಯ ವೃದ್ಧನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆತನು ಹುಟ್ಟುವ ಕಾಲಕ್ಕೆ ಸಮೀಪದಲ್ಲಿ ವಿಮಾನದ ಕಾರ್ಖಾನೆಯು (1940) ಬಂದಿದ್ದರೂ ಊರು ಊರಾಗಿಯೇ ಇತ್ತು. ದೊಡ್ಡನೆಕ್ಕುಂದಿಯ ಕೆರೆಯ ಕಡೆಗೆ ದನಗಳು ಹೋಗುತ್ತಿದ್ದವು. ಈಗ ಹೊರವರ್ತುಲ ರಸ್ತೆಯು ಊರನ್ನು ಸೀಳಿಕೊಂಡು ಹೋಗಿದೆ. ಹಳ್ಳಿಯೆಂಬ ಮಾತು ಹೆಸರಿನಲ್ಲಿ ಮಾತ್ರ ಉಳಿದಿದೆ. ಈತನು ರುಮಾಲೆಯವರ ಪಟದ ಮುಂದೆ ನಿಂತು, ಎಂದೂ ತನ್ನ ಊರಿನಲ್ಲಿ ಇರದಿದ್ದ ಜಕರಂಡದ ಕೆಳಗಿನ ಖಾಲಿ ರಸ್ತೆಯನ್ನು ನೋಡಿ, ‘ನಮ್ಮೂರು ಹೀಗೇ ಇತ್ತು’ ಎಂದರೆ ಅದು ಸುಳ್ಳೆನ್ನಬಹುದೆ? ಚಿತ್ರದ ಕುದುರೆಯನ್ನು ಕಂಡು ಕುದುರೆಯೆಂದಾಗ ಹುಟ್ಟುವ ಜ್ಞಾನವು ಸತ್ಯ, ಮಿಥ್ಯಾ, ಸಂಶಯ, ಸಾದೃಶ್ಯಗಳೆಂಬ ನಾಲ್ಕಕ್ಕಿಂತಲೂ ವಿಲಕ್ಷಣವಾದುದೆಂದು ಶ್ರೀಶಂಕುಕನು ಹೇಳಿದನಷ್ಟೆ. ಈ ವೃದ್ಧನ ಮಾತೂ ಅಂಥದು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನು, ಯಾರನ್ನು ನೆನೆಯುತ್ತಿರುವೆನೆಂಬುದನ್ನು ಅರಿಯದೆಯೇ ಉತ್ಕಂಠಿತನಾಗುವನು. ಅಭಿನವಗುಪ್ತನು ಆ ಸಂದರ್ಭವನ್ನು ಎತ್ತಿಕೊಂಡು, ಅಲ್ಲಿಯ ಸ್ಮೃತಿಯು ತಾರ್ಕಿಕಪ್ರಸಿದ್ಧವಾದ ಸ್ಮೃತಿಯಲ್ಲವೆಂದು ಸ್ಪಷ್ಟಪಡಿಸಿರುವನು. ಪಟವು ವೃದ್ಧನಲ್ಲಿ ಎಬ್ಬಿಸಿದುದು ಅಂಥ ವಾಸನೆಯನ್ನು. ಗಾಯಕಿಗೆ ರಾಜನ ಮರೆವು ಹೇಗೆ ತಿಳಿಯದೋ, ಚಿತ್ರಕಾರನಿಗೆ ಮಾರತ್ತಹಳ್ಳಿಯ ದನಗಳ ದಾರಿಯೂ ಹಾಗೆಯೇ ತಿಳಿಯದು. ಬಾಲ್ಯದೇಶವು ಇಲ್ಲಿ ನಿಶ್ಚಯವಾಗಿಯೂ ಇದೆ. ಆದರೆ ಅದು ಭಾವಯಿತ್ರಿಯಲ್ಲಿ ಇದೆ.

ಈ ಭೇದವನ್ನು ಮರೆತವರು ರುಮಾಲೆಯವರನ್ನು ಕಳೆದುಹೋದ ಬೆಂಗಳೂರಿನ ಚಿತ್ರಕಾರರೆಂದು ಕೊಂಡಾಡುವರು. ಅವರು ಬರೆಯುವಾಗ ಆ ಬೆಂಗಳೂರು ಕಳೆದುಹೋಗಿರಲಿಲ್ಲ. ಮರವು ಎದುರಿಗೆ ಇತ್ತು, ಮರುವರ್ಷವೂ ಹೂಬಿಡುವುದಿತ್ತು. ಆ ಪಟಗಳಲ್ಲಿ ಇರುವುದು ಉಲ್ಲಾಸ. ಅನಂತರ ಕೊಡಲಿಯನ್ನು ಹಿಡಿದವರಿಂದಾಗಿ ಅವುಗಳಿಗೆ ಕರುಣದ ಛಾಯೆಯು ಹೊರಗಿನಿಂದ ಬಂದು ಸೇರಿತು. ಹರ್ಷದಿಂದ ಬರೆದವನಿಗೆ ವಿಷಾದವನ್ನು ಅಂಟಿಸುವುದು ರಸಾಭಾಸವೇ ಸರಿ. ಶಾಲೆಗಳಲ್ಲಿ ಪಾಠ ಹೇಳುವವರು ಈ ಪಟಗಳನ್ನು ನಗರದ ಪೂರ್ವಚರಿತ್ರೆಯ ಸಾಕ್ಷ್ಯವೆಂದು ತೋರಿಸುವುದಕ್ಕೆ ಅಡ್ಡಿಯಿಲ್ಲ. ಹೋಮನ ಕೋಟೆಯ ಚಿತ್ರಕ್ಕೂ ಆ ಉಪಯೋಗವುಂಟು. ಆದರೆ ಸಾಕ್ಷ್ಯವಾದ ಮಾತ್ರದಿಂದ ಎರಡಕ್ಕೂ ಒಂದೇ ಬೆಲೆಯಾಗಲಾರದು.

ಇದಕ್ಕೆ ತಕ್ಕ ಪರೀಕ್ಷೆಯು ಮುಂದಿನ ತಲೆಮಾರಿನಲ್ಲಿ ತಾನಾಗಿಯೇ ನಡೆಯುವುದಿದೆ. ಹೊರವರ್ತುಲ ರಸ್ತೆಯಾದ ಮೇಲೆ ಮಾರತ್ತಹಳ್ಳಿಯಲ್ಲಿ ಹುಟ್ಟಿದ ಬಾಲಕನಿಗೆ ಕೆರೆಯೆಂದರೆ 2015ರಲ್ಲಿ ಬೆಳ್ಳಂದೂರು ವರ್ತೂರುಗಳಲ್ಲಿ ಎದ್ದು ರಸ್ತೆಗೆ ಹಾರಿದ ಬಿಳಿಯ ನೊರೆ. ಹೂಮರವೆಂದರೆ ಮೇಲುಸೇತುವೆಯ ಪಕ್ಕದಲ್ಲಿ ಹೇಗೋ ಉಳಿದುಕೊಂಡ ಒಂದು ಟಬೆಬೂಯಾ. ಅಜ್ಜನಿಗೆ ಪಟವು ಕೊಟ್ಟ ‘ನಮ್ಮೂರು’ ಈತನಿಗೆ ಸಿಕ್ಕಲಾರದು. ಆಗ ರುಮಾಲೆಯವರ ಕೆಲವು ಪಟಗಳು ಬರಿಯ ಹಳೆಯ ಬೀದಿಗಳಾಗಿ ಹಿಂದೆ ಸರಿಯಬಹುದು. ಕೆಂಪಿನ ರಾಶಿಯನ್ನೂ ನೆಲದ ಮೇಲಣ ನೆರಳನ್ನೂ ಒಂದೇ ಉಸಿರಿನಲ್ಲಿ ಹಿಡಿದಿಟ್ಟ ಪಟಗಳು, ವೆಂಕಟಪ್ಪನವರ ಮಂಜು ಉದಕಮಂಡಲವನ್ನು ಕಾಣದವನಿಗೂ ತಂಪಾಗುವಂತೆ, ಆ ಬಾಲಕನ ಕಣ್ಣನ್ನೂ ನಿಲ್ಲಿಸುವವು. ವಿಮರ್ಶಕನು ಈಗಲೇ ಆರಿಸಿ ಹೇಳಬೇಕಾದುದು ಈ ಎರಡನೆಯ ಬಗೆಯ ಪಟಗಳನ್ನು. ಚಿತ್ರಕಾರನ ಜನ್ಮಸ್ಥಳದ ವರ್ಣನೆಯಲ್ಲಿ ಪುಟಗಳು ತುಂಬಿಹೋಗುವುದರಿಂದ ಆ ಕೆಲಸವು ಇನ್ನೂ ಆರಂಭವಾಗಬೇಕಾಗಿಯೇ ಇದೆ.